ಕೆಂಪುಕಲ್ಲಿನ ಗೋಡೆಗೆ ಸೈಕಲ್ ತೂಗುಹಾಕುವುದು ಹೇಗೆ: ಸಣ್ಣ ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ಕಾಸರಗೋಡು ಪೇಟೆಯಲ್ಲಿ ಐದು ಸೆಂಟ್ಸ್ ಜಾಗದ ಮನೆ ನಮ್ಮದು. ಸೈಕಲ್ ಮೂರು. ನನ್ನದೊಂದು, ಮಗಳ ಗೇರ್ ಸೈಕಲ್ ಒಂದು, ಮಗನ 20 ಇಂಚಿನ ಚಕ್ರದ್ದು ಒಂದು. ಮೂರನ್ನೂ ಸಿಟೌಟ್‌ನಲ್ಲಿ, ಅಂದರೆ ಎದುರಿನ ಜಗಲಿಯಲ್ಲಿ, ನಿಲ್ಲಿಸಿದರೆ ಬಂದವರು ಹ್ಯಾಂಡಲ್ ಸರಿಸಿಕೊಂಡೇ ಒಳಗೆ ಕಾಲಿಡಬೇಕು. ಅಂಗಳದಲ್ಲಿ ಬಿಡೋಣ ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ, ಮಳೆ ಹೋದ ಮೇಲೆ ಕಡಲಿನ ಉಪ್ಪುಗಾಳಿ. ಚೈನ್ ತುಕ್ಕು ಹಿಡಿಯಲು ಜಾಸ್ತಿ ದಿನ ಬೇಡ.

ಗೋಡೆಗೆ ತೂಗುಹಾಕುವುದೇ ಇದಕ್ಕೆ ದಾರಿ. ದೊಡ್ಡವರ ಒಂದು ಸೈಕಲ್ ನೆಲದಲ್ಲಿ ನಿಂತರೆ ಸುಮಾರು ಆರು ಅಡಿ ಉದ್ದ, ಎರಡು ಅಡಿ ಅಗಲ, ಅಂದರೆ ಹನ್ನೆರಡು ಚದರ ಅಡಿ ಜಾಗ ಹೋಯಿತು. ಅದೇ ಸೈಕಲ್ ಗೋಡೆ ಹತ್ತಿದರೆ ಕೆಳಗೆ ಚಪ್ಪಲಿ ಸ್ಟ್ಯಾಂಡ್ ಇಡಬಹುದು.

ಆದರೆ ಇದನ್ನು ಕಲಿಸುವ ವಿಡಿಯೋಗಳಲ್ಲಿ ಹೆಚ್ಚಿನವು ಕಾಂಕ್ರೀಟ್ ಗೋಡೆಗೋ, ಗಟ್ಟಿ ಇಟ್ಟಿಗೆ ಗೋಡೆಗೋ ಮಾಡಿದವು. ನಮ್ಮಲ್ಲಿ ಗೋಡೆ ಅಂದರೆ ಕೆಂಪುಕಲ್ಲು, ಕೆಲವರು ಜಂಬಿಟ್ಟಿಗೆ ಅನ್ನುವುದು. ತುಳುವಿನವರಿಗೆ ಮುರಕಲ್ಲು, ಅಂಗಡಿಯಲ್ಲಿ ಮಲಯಾಳ ಮಾತಾಡುವವರಿಗೆ ಚೆಂಗಲ್ಲ್. ಆ ವಿಡಿಯೋ ನೋಡಿಕೊಂಡು ನಾನು ಮೊದಲ ಸಲ, ಸ್ಕ್ರೂ ಹಿಡಿಯಲೆಂದು ತೂತಿಗೆ ತೂರಿಸುವ 6 ಎಂಎಂ ಪ್ಲಾಸ್ಟಿಕ್ ಪ್ಲಗ್ ಹಾಕಿ, ಎರಡು ಇಂಚಿನ ಸ್ಕ್ರೂ ತಿರುಗಿಸಿ ಮಗಳ ಸೈಕಲ್ ತೂಗುಹಾಕಿದೆ. ಎರಡು ವಾರ ನಿಂತಿತು. ಜೋರು ಮಳೆಯ ಆಟಿ ತಿಂಗಳ ಒಂದು ರಾತ್ರಿ ದಡಾರ್ ಅಂತ ಸದ್ದು. ಎದ್ದು ಹೋಗಿ ನೋಡಿದರೆ ಕೊಕ್ಕೆ, ಪ್ಲಗ್, ಅಂಗೈ ಅಗಲದ ಗಾರೆಯ ತುಂಡು ಎಲ್ಲ ನೆಲದಲ್ಲಿ. ಗೇರ್ ಬದಲಿಸುವ ಹಿಂದಿನ ತೋಳು ಸೊಟ್ಟಗಾಗಿತ್ತು. ಗೋಡೆಯ ತೂತಿಗೆ ಬೆರಳು ಹಾಕಿದೆ. ಪೆನ್ಸಿಲ್ ಕೂಡ ಹೋಗದಷ್ಟು ಸಣ್ಣದಾಗಿ ಕೊರೆದಿದ್ದ ತೂತಿಗೆ ಈಗ ನನ್ನ ಕಿರುಬೆರಳು ಸಲೀಸಾಗಿ ಹೋಯಿತು, ಒಳಗಿನ ಪುಡಿ ಒದ್ದೆ ಕುಂಕುಮದ ಹಾಗೆ ಉಗುರಿಗೆ ಅಂಟಿಕೊಂಡಿತು. ಹಗಲು ಹೊತ್ತು ಮಗ ಅದೇ ಗೋಡೆಯ ಬುಡದಲ್ಲಿ ಕೂತು ಆಡುತ್ತಾನೆ. ಅದನ್ನು ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಪರಿಚಯದ ಮೇಸ್ತ್ರಿಯನ್ನು ಕರೆದೆ. ಅವರು ತೂತು ನೋಡಿದವರೇ, "ಮಾಷ್ಟ್ರೇ, ಈ ಕಲ್ಲು ಮೇಲಿಂದ ಎಷ್ಟು ಭಾರ ಹಾಕಿದ್ರೂ ಹೊರ್ತದೆ. ಹೊರಗೆ ಎಳೆದ್ರೆ ನಿಲ್ಲುದಿಲ್ಲ" ಅಂದರು. ನಾನು ಈ ಬರಹದಲ್ಲಿ ಹೇಳಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ. ಬೇಕಲ ಕೋಟೆ ಇದೇ ಕಲ್ಲಿನದು, ಮುನ್ನೂರು ವರ್ಷ ದಾಟಿದರೂ ಕಡಲಿನ ಅಂಚಿನಲ್ಲಿ ನಿಂತಿದೆ. ಒಂದರ ಮೇಲೊಂದು ಕೂತ ಕಲ್ಲು ಅದು, ಕೆಳಕ್ಕೆ ಒತ್ತುವ ಭಾರ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಒಳಗೆಲ್ಲ ಸಣ್ಣ ಸಣ್ಣ ತೂತು, ನಡುವೆ ಮೆತ್ತನೆ ಜೇಡಿ. ಪ್ಲಗ್ ಹಿಗ್ಗಿ ಹಿಡಿಯಬೇಕಾದ ಕಡೆ ಪುಡಿಯೇ ಜಾಸ್ತಿ. ಹಾಗಾಗಿ ಕೊಕ್ಕೆ ಕೊಳ್ಳುವ ಮೊದಲು ಗೋಡೆ ನೋಡಿ.

ಗೋಡೆ ಯಾವುದು ಅಂತ ಪುಡಿ ಹೇಳುತ್ತದೆ

ಗಾರೆ ಹಾಕಿ ಪೇಂಟ್ ಬಳಿದ ಮೇಲೆ ಎಲ್ಲ ಗೋಡೆಯೂ ಒಂದೇ ತರ ಕಾಣುತ್ತದೆ. ಸೈಕಲ್ ಬರಬೇಕಾದ ಗೋಡೆಯಲ್ಲೇ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ 4 ಎಂಎಂ ಬಿಟ್‌ನಿಂದ ಒಂದು ತೂತು ಹಾಕಿ. ಕೆಳಗೆ ಬಿಳಿ ಕಾಗದ ಹಿಡಿಯಿರಿ. ಮೊದಲ ಅರ್ಧ ಮುಕ್ಕಾಲು ಇಂಚು ಬೂದು ಬಣ್ಣದ ಪುಡಿ ಬರುತ್ತದೆ, ಅದು ಗಾರೆ. ಆಮೇಲೆ ಬರುವುದನ್ನು ನೋಡಿ. ಕಂದುಗೆಂಪು, ಮುಟ್ಟಿದರೆ ಸ್ವಲ್ಪ ಜಿಗುಟು, ನಡುನಡುವೆ ಸಣ್ಣ ಗಟ್ಟಿ ಹರಳು ಇದ್ದರೆ ಕೆಂಪುಕಲ್ಲು. ತಿಳಿ ಕೆಂಪಿನ ಒಣ ನಯ ಪುಡಿಯಾದರೆ ಸುಟ್ಟ ಇಟ್ಟಿಗೆ. ಬೂದು ಪುಡಿ ಬರುತ್ತಾ ಬರುತ್ತಾ ಬಿಟ್ ಒಮ್ಮೆಲೇ ಒಳಕ್ಕೆ ಜಾರಿದರೆ ಒಳಗೆ ಟೊಳ್ಳಿರುವ ಸಿಮೆಂಟ್ ಬ್ಲಾಕ್. ಬೆಳ್ಳಗೆ ಹಿಟ್ಟಿನ ಹಾಗೆ ಸಲೀಸಾಗಿ ಬಂದರೆ ಈಗಿನ ಫ್ಲಾಟ್‌ಗಳಲ್ಲಿ ಬಳಸುವ ಹಗುರ ಬ್ಲಾಕ್. ಬಿಟ್ ಮುಂದಕ್ಕೇ ಹೋಗದೆ ಕೀರಲು ಸದ್ದು ಮಾಡಿದರೆ ಕಾಂಕ್ರೀಟ್, ನಮಗೆ ಬೇಕಾದದ್ದು ಅದೇ.

ಕೆಂಪುಕಲ್ಲಿನ ಹಳೆ ಮನೆಗಳಲ್ಲಿ ಕಲ್ಲಿನ ಸಂದಿಗೆ ಸಿಮೆಂಟ್ ಬದಲು ಮಣ್ಣು ತುಂಬಿರುತ್ತಾರೆ. ಅಂಥ ಗೋಡೆಗೆ ಸೈಕಲ್ ತೂಗುಹಾಕುವುದು ಬೇಡ. ಅಲ್ಲಿ ಮಾಡಿನ ಪಕ್ಕಾಸಿಗೆ, ಅಂದರೆ ಹಂಚು ಹೊರುವ ಮರಕ್ಕೆ, ರಾಟೆ ಕಟ್ಟಿ ಹಗ್ಗದಲ್ಲಿ ಮೇಲಕ್ಕೆತ್ತುವುದು ಒಳ್ಳೆಯದು. ಆದರೆ ಆ ಮರಕ್ಕೆ ಗೆದ್ದಲು ಹಿಡಿದಿಲ್ಲವೆಂದು ಉಳಿಯಿಂದ ಬಡಿದು ನೋಡಿದ ಮೇಲೆಯೇ ಹಗ್ಗ ಕಟ್ಟಿ.

ಲಿಂಟಲ್ ಹುಡುಕಿ

ಮೇಸ್ತ್ರಿ ಆ ದಿನ ಇನ್ನೊಂದು ಕೆಲಸ ಮಾಡಿದರು. ಸ್ಟೂಲ್ ಹತ್ತಿ ಬಾಗಿಲಿನ ದಾರಂದದ, ಅಂದರೆ ಚೌಕಟ್ಟಿನ, ಮೇಲುಗಡೆಯಿಂದ ಶುರು ಮಾಡಿ ಗೋಡೆಯ ಉದ್ದಕ್ಕೂ ಬೆರಳಿನ ಗಂಟಿನಿಂದ ತಟ್ಟುತ್ತಾ ಬಂದರು. ಸದ್ದು ಗಟ್ಟಿಯಾಗಿ ಬಂದ ಪಟ್ಟಿಯ ಮೇಲೆ ಕೈಯಿಟ್ಟು, "ಭಾರ ಇಲ್ಲಿ ಕೊಡಿ" ಅಂದರು.

ಅದು ಲಿಂಟಲ್. ನಮ್ಮ ಕಡೆ ಈಚಿನ ಹೆಚ್ಚಿನ ಮನೆಗಳಲ್ಲಿ ಬಾಗಿಲು ಕಿಟಕಿಯ ಮೇಲೆ ಮಾತ್ರವಲ್ಲ, ಮನೆಯ ಸುತ್ತಲೂ ಪಟ್ಟಿಯ ಹಾಗೆ ಕಾಂಕ್ರೀಟ್ ಲಿಂಟಲ್ ಹಾಕಿರುತ್ತಾರೆ. ಅದರ ಕೆಳಗಿನ ಅಂಚು ದಾರಂದದ ತಲೆಗೆ ಸಮ, ನೆಲದಿಂದ ಸುಮಾರು 210 ಸೆಂ.ಮೀ. ಅಲ್ಲಿಂದ ಮೇಲಕ್ಕೆ 15ರಿಂದ 20 ಸೆಂ.ಮೀ. ಗಟ್ಟಿ ಕಾಂಕ್ರೀಟ್, ಒಳಗೆ ಕಬ್ಬಿಣದ ಸರಳು. ದೊಡ್ಡವರ ಸೈಕಲ್ ಲಂಬವಾಗಿ ತೂಗಲು ಕೊಕ್ಕೆ ಬರಬೇಕಾದ ಎತ್ತರ 190 ಸೆಂ.ಮೀ. ಆಸುಪಾಸು. ಅಂದರೆ ಭಾರ ಹೊರುವ ಕಾಂಕ್ರೀಟ್ ಕೊಕ್ಕೆಯ ತಲೆಯ ಮೇಲೇ ಇದೆ. ಕೊಕ್ಕೆಯನ್ನು ಕಲ್ಲಿಗೆ ಹೊಡೆಯುವ ಬದಲು ಒಂದು ಮರದ ಹಲಗೆಯನ್ನು ಲಿಂಟಲ್‌ಗೆ ಬೋಲ್ಟ್ ಮಾಡಿ ಇಳಿಬಿಟ್ಟು, ಆ ಹಲಗೆಗೆ ಕೊಕ್ಕೆ ಹಾಕಿದರೆ ಆಯಿತು. ಕೆಂಪುಕಲ್ಲು ಆಗ ಭಾರ ಹೊರುವುದಿಲ್ಲ, ಹಲಗೆ ಅಲ್ಲಾಡದಂತೆ ಹಿಡಿದುಕೊಳ್ಳುತ್ತದೆ ಅಷ್ಟೇ.

ಎಲ್ಲ ಮನೆಯಲ್ಲೂ ಲಿಂಟಲ್ ಸುತ್ತಲೂ ಇರುವುದಿಲ್ಲ. ತಟ್ಟಿದರೆ ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗದಿದ್ದರೆ 218 ಸೆಂ.ಮೀ. ಎತ್ತರದಲ್ಲಿ ಅದೇ 4 ಎಂಎಂ ಬಿಟ್ ಇಟ್ಟು ನೋಡಿ. ಕಂದುಗೆಂಪು ಪುಡಿ ಬಂದರೆ ಅಲ್ಲಿ ಲಿಂಟಲ್ ಇಲ್ಲ.

ಒಂದು ಎಚ್ಚರಿಕೆ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಎಲ್ಲೂ ತೂತು ಹಾಕಬೇಡಿ, ವಯರ್ ಪೈಪ್ ಹೆಚ್ಚಾಗಿ ಅದೇ ಗೆರೆಯಲ್ಲಿ ಹೋಗಿರುತ್ತದೆ. ಬಚ್ಚಲಿನ ಹಿಂದಿನ ಗೋಡೆಯೂ ಬೇಡ, ಅಲ್ಲಿ ನೀರಿನ ಪೈಪ್.

ಉದ್ದಕ್ಕೋ, ಅಡ್ಡಕ್ಕೋ

ಟೇಪು ತೆಗೆದುಕೊಂಡು ನಿಮ್ಮ ಸೈಕಲ್ಲನ್ನೇ ಅಳೆಯಿರಿ. ದೊಡ್ಡವರ ಸೈಕಲ್ 170ರಿಂದ 180 ಸೆಂ.ಮೀ. ಉದ್ದ ಇರುತ್ತದೆ. ಹ್ಯಾಂಡಲ್ ಅಗಲ ಸಾಮಾನ್ಯವಾಗಿ 60, ದಪ್ಪ ಟೈರಿನ ಗೇರ್ ಸೈಕಲ್‌ಗೆ 70 ಸೆಂ.ಮೀ. ದಾಟುತ್ತದೆ. ಬಾತ್‌ರೂಮಿನ ತೂಕದ ಮಿಷನ್ ಮೇಲೆ ಸೈಕಲ್ ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಗೇರ್ ಸೈಕಲ್ 14ರಿಂದ 18 ಕೆ.ಜಿ., ಹಾಲಿನವರು ಓಡಿಸುವಂಥ ಕರಿ ಸೈಕಲ್ 20 ಕೆ.ಜಿ.ಗೂ ಮೇಲೆ. ಆ ಕರಿ ಸೈಕಲ್ಲನ್ನು ದಿನಾ ಗೋಡೆಗೆ ಎತ್ತುವುದು ಬೆನ್ನಿಗೆ ಒಳ್ಳೆಯದಲ್ಲ, ಅದು ನೆಲದಲ್ಲೇ ಇರಲಿ.

ಮುಂದಿನ ಚಕ್ರ ಮೇಲೆ ಮಾಡಿ ಲಂಬವಾಗಿ ತೂಗಿದರೆ ಗೋಡೆಯ ಅಗಲ ಕಡಿಮೆ ಸಾಕು, ಆದರೆ ಸೈಕಲ್ ಮೂರೂವರೆ ಅಡಿಯಷ್ಟು ಮುಂದಕ್ಕೆ ಚಾಚುತ್ತದೆ. ಸಿಟೌಟ್‌ನ ತುದಿ, ಕಾರ್ ಪೋರ್ಚ್, ಅಡುಗೆಮನೆಯ ಹಿಂದಿನ ವರ್ಕ್ ಏರಿಯಾ, ಇವಕ್ಕೆ ಸರಿ. ಗೋಡೆಗೆ ಸಮಾನಾಂತರವಾಗಿ ಅಡ್ಡಕ್ಕೆ ತೂಗಿದರೆ ಎರಡು ಅಡಿಯಷ್ಟೇ ಚಾಚುತ್ತದೆ, ಆದರೆ ಆರಡಿ ಗೋಡೆ ಬೇಕು, ಮತ್ತು ಗೋಡೆಯ ಮೇಲಿನ ಎಳೆತ ಜಾಸ್ತಿ.

ಎಳೆತದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಓದಿ, ನನ್ನ ಮೊದಲ ಕೊಕ್ಕೆ ಬಿದ್ದದ್ದು ಇದು ಗೊತ್ತಿಲ್ಲದೆ. ಅಡ್ಡಕ್ಕೆ ತೂಗುವ ಬ್ರಾಕೆಟ್‌ನ ತೋಳು ಗೋಡೆಯಿಂದ 30 ಸೆಂ.ಮೀ. ಮುಂದೆ ಬರಲೇಬೇಕು, ಇಲ್ಲವಾದರೆ ಹ್ಯಾಂಡಲ್ ಮತ್ತು ಪೆಡಲ್ ಗೋಡೆಗೆ ತಾಗುತ್ತವೆ. 15 ಕೆ.ಜಿ. ಸೈಕಲ್ 30 ಸೆಂ.ಮೀ. ದೂರದಲ್ಲಿ ತೂಗಿತು ಅಂತ ಇಟ್ಟುಕೊಳ್ಳಿ. ಬ್ರಾಕೆಟ್‌ನ ಹಿಂದಿನ ತಗಡು 10 ಸೆಂ.ಮೀ. ಎತ್ತರದ್ದಾದರೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಗೆ ಎಳೆಯುವ ಬಲ 45 ಕೆ.ಜಿ. ಭಾರಕ್ಕೆ ಸಮ. ಅದೇ ತಗಡು 30 ಸೆಂ.ಮೀ. ಎತ್ತರ ಇದ್ದರೆ 15 ಕೆ.ಜಿ. ಮಾತ್ರ. ಸೈಕಲ್ ಅದೇ, ತೋಳೂ ಅದೇ. ಹಾಗಾಗಿ ಅಂಗಡಿಯಲ್ಲಿ ಬ್ರಾಕೆಟ್ ಕೈಗೆ ತೆಗೆದುಕೊಂಡಾಗ ತೋಳಿನ ದಪ್ಪ ನೋಡಿ ಖುಷಿಪಡಬೇಡಿ, ಹಿಂದಿನ ತಗಡು ಎಷ್ಟು ಉದ್ದ ಇದೆ ನೋಡಿ.

ಲಂಬವಾಗಿ ತೂಗಿದಾಗ ಹಿಂದಿನ ಟೈರ್ ಗೋಡೆಗೆ ಒರಗಿಕೊಳ್ಳುತ್ತದೆ, ಕೊಕ್ಕೆಯ ಮೇಲೆ ಬೀಳುವುದು ಹೆಚ್ಚಾಗಿ ಕೆಳಮುಖದ ಭಾರ. ಕೆಂಪುಕಲ್ಲಿನ ಮನೆಗೆ ಹಾಗಾಗಿ ನನ್ನ ಆಯ್ಕೆ ಲಂಬ. ಒಂದೇ ಚಕ್ರದಲ್ಲಿ ತೂಗಿದರೆ ರಿಮ್ ಸೊಟ್ಟಗಾಗುತ್ತದಾ ಅಂತ ತುಂಬ ಜನ ಕೇಳುತ್ತಾರೆ. ಇಲ್ಲ. ಹೊಂಡಕ್ಕೆ ಇಳಿದಾಗ ನಿಮ್ಮ ಭಾರವನ್ನೂ ಸೇರಿಸಿ ಹೊರುವ ಚಕ್ರಕ್ಕೆ ಸುಮ್ನೆ ನಿಂತ ಸೈಕಲ್‌ನ ತೂಕ ಏನೂ ಅಲ್ಲ. ಎಣ್ಣೆಯ ಡಿಸ್ಕ್ ಬ್ರೇಕ್ ಇದ್ದರೆ ಮಾತ್ರ, ಇಳಿಸಿದ ಮೇಲೆ ಲಿವರ್ ನಾಲ್ಕೈದು ಸಲ ಒತ್ತಿ ಬ್ರೇಕ್ ಹಿಡಿಯುತ್ತದಾ ನೋಡಿಕೊಂಡು ಹೊರಡಿ.

ಹಲಗೆ

ಹಲಸಿನ ಮರದ ಹಲಗೆ ಸಿಕ್ಕಿದರೆ ಅದೇ ಒಳ್ಳೆಯದು, ತೇಗವೂ ಆಗುತ್ತದೆ. ಪ್ಲೈವುಡ್ ಬೇಡ, ಮಳೆಗಾಲದ ತಂಪಿಗೆ ಪದರ ಬಿಡುತ್ತದೆ. ಒಂದು ಸೈಕಲ್‌ಗೆ ಮೂರಡಿ ಉದ್ದ, ಆರು ಇಂಚು ಅಗಲ, ಒಂದೂವರೆ ಇಂಚು ದಪ್ಪದ ಒಂದು ಹಲಗೆ. ಮರದ ಮಿಲ್ಲಿನಲ್ಲಿ ಕೇಳಿದರೆ ಹಳೆ ಬಾಗಿಲಿನ ತುಂಡು ಸಿಗುತ್ತದೆ, ಅದು ಚೆನ್ನಾಗಿ ಒಣಗಿರುತ್ತದೆ, ಹೊಸದಕ್ಕಿಂತ ನನಗೆ ಅದೇ ಇಷ್ಟ.

ಗೋಡೆಗೆ ತಾಗುವ ಬದಿಗೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಒಂದು ಕೈ ಬಳಿಯಿರಿ, ಗೆದ್ದಲು ಹತ್ತಿರ ಬರುವುದಿಲ್ಲ. ಕೈಗವಸು ಇಲ್ಲದೆ ಅದನ್ನು ಮುಟ್ಟಬೇಡಿ, ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಎದುರಿನ ಬದಿಗೆ ಬೇಡ, ಕಪ್ಪಗಾಗುತ್ತದೆ, ಬಟ್ಟೆಗೆ ಅಂಟುತ್ತದೆ. ಅಲ್ಲಿಗೆ ವಾರ್ನಿಷ್ ಸಾಕು. ಎರಡು ದಿನ ಒಣಗಲಿ.

ಕೊಕ್ಕೆಯನ್ನು ಹಲಗೆಗೆ ಮೊದಲೇ ಕೂರಿಸಿ, ಗೋಡೆಗೆ ಏರಿಸಿದ ಮೇಲೆ ಅಲ್ಲ. ತಗಡು ಇರುವ ಕೊಕ್ಕೆ ತೆಗೆದುಕೊಂಡು, ಹಲಗೆಯ ಹಿಂದಿನಿಂದ ಬೋಲ್ಟ್ ತೂರಿಸಿ ಎದುರಿಗೆ ವಾಷರ್ ಮತ್ತು ನಟ್ ಹಾಕಿ ಬಿಗಿಯಿರಿ. ಬೋಲ್ಟಿನ ತಲೆ ಹಿಂದುಗಡೆ ಮರದೊಳಗೆ ಕೂರುವಷ್ಟು ಗುಳಿ ತೋಡಬೇಕು, ಇಲ್ಲವಾದರೆ ಹಲಗೆ ಗೋಡೆಗೆ ಸಪಾಟಾಗಿ ಕೂರುವುದಿಲ್ಲ. ಸ್ಕ್ರೂ ಕಾಲಾನುಕಾಲಕ್ಕೆ ಸಡಿಲವಾಗುತ್ತದೆ. ಹಿಂದಿನಿಂದ ಬಂದ ಬೋಲ್ಟ್ ಕಿತ್ತು ಬರುವುದಿಲ್ಲ. ಕೊಕ್ಕೆಗೆ ರಬ್ಬರ್ ಇಲ್ಲದಿದ್ದರೆ ಹಳೆ ಟ್ಯೂಬಿನ ತುಂಡು ಸುತ್ತಿ ಕಟ್ಟಿ.

ಬೋಲ್ಟು, ಸ್ಕ್ರೂ, ವಾಷರ್ ಎಲ್ಲ ಸ್ಟೇನ್‌ಲೆಸ್ ಸ್ಟೀಲ್‌ನವೇ ಇರಲಿ. ಹೊಳೆಯುವ ಮಾಮೂಲಿ ಸ್ಕ್ರೂ ಈ ಕಡಲ ಕರೆಯಲ್ಲಿ ಒಂದೆರಡು ಮಳೆಗಾಲಕ್ಕೆ ಕೆಂಪಗಾಗುತ್ತದೆ.

ತೂತು ಹಾಕುವ ದಿನ

ಫೆಬ್ರವರಿಯಿಂದ ಮೇ ಒಳಗೆ ಮಾಡಿ. ಮಳೆಗಾಲದಲ್ಲಿ ಕೆಂಪುಕಲ್ಲು ನೀರು ಕುಡಿದಿರುತ್ತದೆ, ಆಗ ಕೊರೆದ ತೂತು ಸರಿಯಾಗಿ ನಿಲ್ಲುವುದಿಲ್ಲ. ಪಡುವಣದ ಗಾಳಿಮಳೆ ನೇರ ಬಡಿಯುವ ಗೋಡೆಯ ಒಳಬದಿಯನ್ನು ಬಿಟ್ಟುಬಿಡಿ.

ದಾರಕ್ಕೆ ಒಂದು ನಟ್ ಕಟ್ಟಿ ಇಳಿಬಿಟ್ಟು ಪೆನ್ಸಿಲಿನಲ್ಲಿ ಲಂಬ ಗೆರೆ ಎಳೆಯಿರಿ. ಹಲಗೆಯ ಮೇಲಿನ ತುದಿ 225 ಸೆಂ.ಮೀ.ಗೆ ಬಂದರೆ ಕೆಳಗಿನ ತುದಿ 135ರ ಹತ್ತಿರ ನಿಲ್ಲುತ್ತದೆ. ಹಲಗೆಯಲ್ಲಿ ನಾಲ್ಕು ತೂತು ಮೊದಲೇ ಮಾಡಿಕೊಳ್ಳಿ. ಲಿಂಟಲ್‌ನ ನಡುಮಧ್ಯಕ್ಕೆ ಬರುವಂತೆ, ಸುಮಾರು 218 ಸೆಂ.ಮೀ.ನಲ್ಲಿ, ಅಕ್ಕಪಕ್ಕ ಎರಡು, ನಡುವೆ 10 ಸೆಂ.ಮೀ. ಅಂತರ. ಕೆಳಗೆ ಕಲ್ಲಿಗೆ ಬರುವಂತೆ 175ರಲ್ಲಿ ಒಂದು, 145ರಲ್ಲಿ ಒಂದು. ಹಲಗೆಯನ್ನು ಗೋಡೆಗೆ ಹಿಡಿದು ಆ ತೂತಿನ ಮೂಲಕವೇ ಗುರುತು ಹಾಕಿ. ಇದಕ್ಕೆ ಇಬ್ಬರು ಬೇಕು.

ಲಿಂಟಲ್‌ಗೆ ಡ್ರಿಲ್ ಮಿಷನ್ ಹ್ಯಾಮರ್‌ನಲ್ಲಿರಲಿ, ಅಂದರೆ ತಿರುಗುತ್ತಾ ಕುಟ್ಟಲಿ. 8 ಎಂಎಂ ಬೋಲ್ಟಿನ ಆಂಕರ್ (ಬಿಗಿದಾಗ ಸುತ್ತಲಿನ ಕೊಳವೆ ತೂತಿನೊಳಗೆ ಹಿಗ್ಗಿ ಹಿಡಿಯುವಂಥದ್ದು) ತೆಗೆದುಕೊಳ್ಳಿ, ಬಿಟ್ ಯಾವ ಅಳತೆ ಅಂತ ಆಂಕರ್ ಕೊಟ್ಟವರನ್ನೇ ಕೇಳಿ, ಕೊಳವೆಯ ಹೊರ ಅಳತೆಗೆ ತಕ್ಕಂತೆ ಅದು ಬದಲಾಗುತ್ತದೆ. ಹಲಗೆ ಒಂದೂವರೆ ಇಂಚು ದಪ್ಪ, ಗಾರೆ ಮುಕ್ಕಾಲು ಇಂಚು, ಇವೆರಡನ್ನೂ ದಾಟಿ ಕಾಂಕ್ರೀಟ್ ಒಳಗೆ ಎರಡು ಇಂಚು ಹೋಗುವಷ್ಟು ಉದ್ದದ ಬೋಲ್ಟ್ ಬೇಕು. ಬಿಟ್ ಸರಳಿಗೆ ತಾಗಿ ನಿಂತರೆ ಒತ್ತಬೇಡಿ, ಹಲಗೆಯನ್ನು ಒಂದು ಇಂಚು ಸರಿಸಿ ಹೊಸ ತೂತು ಹಾಕಿ. ಹಳೆಯದಕ್ಕೆ ಸಿಮೆಂಟ್ ತುಂಬಿ.

ಕಲ್ಲಿಗೆ ಬಂದಾಗ ಹ್ಯಾಮರ್ ನಿಲ್ಲಿಸಿಬಿಡಿ, ಬರೇ ತಿರುಗಲಿ. ಹ್ಯಾಮರ್‌ನ ಪೆಟ್ಟಿಗೆ ಮೆತ್ತನೆ ಕಲ್ಲು ಒಳಗೊಳಗೇ ಉದುರಿ ತೂತು ಅಗಲವಾಗುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. 10 ಎಂಎಂ ಪ್ಲಗ್, ಅದೂ ಉದ್ದದ್ದು, ಕನಿಷ್ಠ 80 ಎಂಎಂ. ತೂತಿನ ಪುಡಿಯನ್ನು ಟೈರಿಗೆ ಗಾಳಿ ಹಾಕುವ ಪಂಪಿನಿಂದ ಪೂರ್ತಿ ಊದಿ ತೆಗೆಯಿರಿ. ಕಣ್ಣಿಗೆ ಕನ್ನಡಕ ಇರಲಿ. ಪ್ಲಗ್ ಕೈಯಿಂದ ತಳ್ಳಿದರೆ ಸಲೀಸಾಗಿ ಒಳಗೆ ಹೋಯಿತು ಅಂದರೆ ತೂತು ದೊಡ್ಡದಾಗಿದೆ. ಸುತ್ತಿಗೆಯಿಂದ ನಾಲ್ಕು ಪೆಟ್ಟು ಬೇಕಾದರೆ ಸರಿಯಾಗಿದೆ. ಹಿಗ್ಗುವ ಆಂಕರ್ ಬೋಲ್ಟನ್ನು ಕೆಂಪುಕಲ್ಲಿಗೆ ಹಾಕಲೇಬೇಡಿ, ಬಿಗಿದಷ್ಟೂ ಕಲ್ಲು ಒಡೆಯುತ್ತದೆ.

ಲಿಂಟಲ್ ಇಲ್ಲದ ಗೋಡೆಗೆ ಮೇಸ್ತ್ರಿಗಳ ಹಳೆ ಕ್ರಮ ಇದೆ. ಉಳಿಯಿಂದ ನಾಲ್ಕು ಇಂಚು ಆಳದ ಗುಳಿ ಕೊರೆಯುತ್ತಾರೆ, ಬಾಯಿ ಸಣ್ಣದು, ಒಳಗೆ ಅಗಲ. ನೀರು ಚಿಮುಕಿಸಿ, ತುದಿ ಬಗ್ಗಿಸಿದ ಬೋಲ್ಟನ್ನು ಒಳಗಿಟ್ಟು ಒಂದಕ್ಕೆ ಮೂರು ಪಾಲು ಮರಳಿನ ಸಿಮೆಂಟ್ ಗಾರೆ ಗಿಡಿದು ತುಂಬುತ್ತಾರೆ. ದಿನಾ ನೀರು ಹಾಕಿ ಒಂದು ವಾರ ಬಿಟ್ಟರೆ ಆ ಗಾರೆಯ ಮುದ್ದೆ ಬಾಯಿಯಿಂದ ಹೊರಬರಲು ಸಾಧ್ಯವಿಲ್ಲ. ಇಂಥ ನಾಲ್ಕು ಬೋಲ್ಟ್‌ಗೆ ಹಲಗೆ ಕೂರಿಸಿ. ಕೆಲಸ ಜಾಸ್ತಿ, ಆದರೆ ನಂಬಬಹುದು.

ಎರಡು ಸೈಕಲ್ ಅಕ್ಕಪಕ್ಕ ಬರುವುದಾದರೆ ಹಲಗೆಗಳ ನಡುವೆ 45 ಸೆಂ.ಮೀ. ಸಾಕು, ಒಂದರ ಮುಂದಿನ ಚಕ್ರ ಮೇಲೆ, ಪಕ್ಕದ್ದರ ಹಿಂದಿನ ಚಕ್ರ ಮೇಲೆ ಮಾಡಿ. ಹ್ಯಾಂಡಲ್ ಹ್ಯಾಂಡಲ್ ಕಾದಾಡುವುದಿಲ್ಲ.

ಸೈಕಲ್‌ಗಿಂತ ಮೊದಲು ಅಕ್ಕಿ

ಇದನ್ನು ಮಾತ್ರ ತಪ್ಪಿಸಬೇಡಿ. ಸೈಕಲ್‌ನ ಎರಡು ಪಟ್ಟು ಭಾರವನ್ನು ಮೊದಲು ತೂಗುಹಾಕಿ ನೋಡಿ. ನಾನು 25 ಕೆ.ಜಿ. ಕುಚ್ಚಲಕ್ಕಿ ಗೋಣಿಯ ಜೊತೆ ಅರ್ಧ ತುಂಬಿದ ನೀರಿನ ಕ್ಯಾನ್ ಕಟ್ಟಿ, ನೆಲದಿಂದ ಗೇಣು ಮೇಲೆ ಇರುವಂತೆ ಹಗ್ಗದಲ್ಲಿ ಇಳಿಬಿಟ್ಟು, ಕೆಳಗೆ ಹಳೆ ಹಾಸಿಗೆ ಹಾಕಿದೆ. ಎರಡು ರಾತ್ರಿ ಹಾಗೇ ಬಿಡಿ. ಹಲಗೆಯ ಅಂಚಿನ ಉದ್ದಕ್ಕೂ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದಿಡಿ, ಬೆಳಿಗ್ಗೆ ಆ ಗೆರೆಯಿಂದ ಹಲಗೆ ಕೂದಲೆಳೆಯಷ್ಟು ಸರಿದಿದ್ದರೂ ಬಿಚ್ಚಿ ಮತ್ತೆ ಮಾಡಿ.

ಬಾಡಿಗೆ ಮನೆಯಾದರೆ

ಗೋಡೆ ಕೊರೆಯುವ ಮೊದಲು ಮನೆ ಮಾಲೀಕರ ಒಪ್ಪಿಗೆ ಕೇಳಿ. ಫ್ಲಾಟಿನ ಮೆಟ್ಟಿಲ ಹತ್ತಿರದ ಗೋಡೆ ನಿಮ್ಮದಲ್ಲ, ಬೆಂಕಿ ಬಿದ್ದರೆ ಜನ ಇಳಿಯುವ ದಾರಿ ಅದು, ಅಲ್ಲಿ ಸೈಕಲ್ ಬೇಡ. ಕೊರೆಯಲು ಬಿಡದಿದ್ದರೆ ಗೋಡೆಗೆ ಒರಗಿ ತನ್ನ ಭಾರದಲ್ಲೇ ನಿಲ್ಲುವ ಎರಡು ಸೈಕಲ್‌ನ ಸ್ಟ್ಯಾಂಡ್ ಸಿಗುತ್ತದೆ, ಅದು ಸಾಕು. ನೆಲ ಮತ್ತು ತಾರಸಿಯ ನಡುವೆ ಬಿಗಿಯುವ ಕಂಬವೂ ಇದೆ, ಆದರೆ ಮೇಲೆ ಜಿಪ್ಸಮ್ ಸೀಲಿಂಗ್ ಇದ್ದರೆ ಅದನ್ನು ಹಾಕಬೇಡಿ.

ಮಳೆಯಲ್ಲಿ ಬಂದ ಸೈಕಲ್

ನೇರ ತಂದು ತೂಗಬೇಡಿ. ಹೊರಗೇ ನಾಲ್ಕು ಸಲ ನೆಲಕ್ಕೆ ಕುಟ್ಟಿ ನೀರು ಉದುರಿಸಿ, ಚೈನ್ ಹಳೆ ಬಟ್ಟೆಯಿಂದ ಒರೆಸಿ, ಒಂದೊಂದು ಹನಿ ಎಣ್ಣೆ ಬಿಡಿ. ಹಿಂದಿನ ಟೈರ್ ತಾಗುವ ಕಡೆ ಗೋಡೆಗೆ ಹಳೆ ಚಾಪೆಯ ತುಂಡೋ ಕಾರಿನ ಮ್ಯಾಟೋ ಅಂಟಿಸಿದರೆ ಪೇಂಟ್ ಉಳಿಯುತ್ತದೆ. ಕೆಳಗೆ ಅಗಲದ ಒಂದು ಟ್ರೇ ಇಡಿ. ವರ್ಷಕ್ಕೆ ಎರಡು ಸಲ, ಮೇ ಕೊನೆಗೊಮ್ಮೆ ಮಳೆ ನಿಂತ ಮೇಲೊಮ್ಮೆ, ಸ್ಪಾನರ್ ಹಿಡಿದು ನಾಲ್ಕೂ ಬಿಗಿತ ನೋಡಿ.

ಎತ್ತುವ ಕ್ರಮ ಗೊತ್ತಿದ್ದರೆ ತೋಳಿನ ಬಲ ಅಷ್ಟು ಬೇಡ. ಹಿಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಎತ್ತಿದರೆ ಸೈಕಲ್ ಹಿಂದಿನ ಚಕ್ರದ ಮೇಲೆ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಬ್ರೇಕ್ ಬಿಟ್ಟು, ಹಾಗೇ ಗೋಡೆಯ ಹತ್ತಿರ ನಡೆಸಿ, ಒಂದು ಕೈ ಸೀಟಿನ ಕೆಳಗೆ ಕೊಟ್ಟು ಗೇಣುದ್ದ ಮೇಲಕ್ಕೆ ತಳ್ಳಿದರೆ ರಿಮ್ ಕೊಕ್ಕೆಗೆ ಸಿಕ್ಕುತ್ತದೆ. ಕೊಕ್ಕೆ ಮಡ್‌ಗಾರ್ಡಿಗೆ ತಾಗದೆ ರಿಮ್ಮಿಗೇ ಕೂತಿದೆಯಾ ನೋಡಿ. ಮಗಳು ಮೂರನೇ ದಿನಕ್ಕೆ ಒಬ್ಬಳೇ ಹಾಕಿದಳು. ಮಗನ ಹಲಗೆಯಲ್ಲಿ ಕೊಕ್ಕೆ ಈಗ 150 ಸೆಂ.ಮೀ.ನಲ್ಲಿದೆ. ಅದೇ ಹಲಗೆಗೆ 170ರಲ್ಲಿ, 190ರಲ್ಲಿ ಬೋಲ್ಟಿನ ತೂತು ಮತ್ತು ಹಿಂದಿನ ಗುಳಿ ಈಗಲೇ ಮಾಡಿಟ್ಟಿದ್ದೇನೆ. ಅವನು ದೊಡ್ಡ ಸೈಕಲ್ ಹತ್ತುವ ವರ್ಷ ಹಲಗೆ ಒಮ್ಮೆ ಇಳಿಸಿ ಕೊಕ್ಕೆ ಮೇಲಕ್ಕೆ ಹಾಕಿದರೆ ಸಾಕು, ಗೋಡೆಗೆ ಹೊಸ ತೂತು ಬೇಡ.